ಇಲಿಮರಿಯ ಮೀಸೆಯೂ ನಿಮ್ಮ ಕೂಸಿನ ಸ್ಪರ್ಶಜ್ಞಾನವೂ

ಹೆಗ್ಗನಹಳ್ಳಿ ಕಡೆಯ ತಾಯಂದಿರು ಲಸಿಕೆಗೆ ಬಂದಾಗ ಫೋನಿನಲ್ಲಿ ವಿಡಿಯೊ ತೋರಿಸಿ ಕೇಳುತ್ತಾರೆ: "ಡಾಕ್ಟ್ರೇ, ಮಿದುಳೆಲ್ಲ ಮೊದಲ ದಿನಗಳಲ್ಲೇ ಬೆಳೆದುಬಿಡುತ್ತಂತೆ. ನಾನು ಗಾರ್ಮೆಂಟ್ಸ್‌ಗೆ ಹೋದ್ರೆ ಸಂಜೇನೇ ಬರೋದು. ಮಗುಗೆ ಏನಾದ್ರೂ ಕಮ್ಮಿ ಆಗುತ್ತಾ?" ಆಗುವುದಿಲ್ಲ. ಇಂಥ ಮಾತಿನ ಹಿಂದೆ ಇಲಿಮರಿಗಳ ಸಂಶೋಧನೆಯೂ ಇದೆ. ಅದನ್ನು ಪೂರ್ತಿ ತಿಳಿದುಕೊಂಡರೆ ಗಾಬರಿ ಇಳಿಯುತ್ತದೆ.

ಕತ್ತಲಲ್ಲಿ ಓಡಾಡುವ ಇಲಿಗೆ ಮೀಸೆಯೇ ಬೆರಳು. ಇಲಿಯ ಮಿದುಳಿನ ಹೊರಪದರದಲ್ಲಿ ಒಂದೊಂದು ಮೀಸೆಗೂ ಪೀಪಾಯಿಯಾಕಾರದ ಒಂದೊಂದು ನರಕೋಶಗಳ ಗುಂಪು ಇರುವುದನ್ನು 1970ರಲ್ಲಿ ಥಾಮಸ್ ವೂಲ್ಸೀ ಮತ್ತು ಹೆಂಡ್ರಿಕ್ ವ್ಯಾನ್ ಡರ್ ಲೂಸ್ ವಿವರಿಸಿದರು. ಇದಕ್ಕೆ 'ಬ್ಯಾರೆಲ್' ಎಂದು ಹೆಸರು. ಹುಟ್ಟಿದ ಹೊಸದರಲ್ಲೇ ಮೀಸೆಯ ಬುಡ ಹಾಳಾದರೆ ಅದರ ಬ್ಯಾರೆಲ್ ಮೂಡುವುದಿಲ್ಲ ಎಂಬುದು 1973ರಲ್ಲಿ ಗೊತ್ತಾಯಿತು. ಮೊದಲ ವಾರ ಕಳೆದ ಮೇಲೆ ಅದೇ ಪೆಟ್ಟು ಬಿದ್ದರೂ ಬ್ಯಾರೆಲ್‌ಗಳ ಈ ನಕ್ಷೆ ಉಳಿಯುತ್ತದೆ.

ಪೋಷಕರು ಇಲ್ಲಿ ಎರಡು ವಿಷಯ ಗಮನಿಸಬೇಕು. ಆ ಪ್ರಯೋಗದಲ್ಲಿ ಮೀಸೆಯ ಬುಡಕ್ಕೇ ಗಾಯ ಮಾಡಿದ್ದರು. ಮುದ್ದಾಟ ಕಡಿಮೆಯಾದದ್ದರ ಫಲ ಅದಲ್ಲ. ಮೇಲಾಗಿ ಇಲಿಮರಿ ತೀರಾ ಎಳೆಯದಾಗಿ ಹುಟ್ಟುತ್ತದೆ, ಕಣ್ಣು ಬಿಡಲು ಸುಮಾರು ಎರಡು ವಾರ ಬೇಕು. ಅದು ಹುಟ್ಟಿದ ಮೇಲೆ ಕಾಣುವ ಈ ಹಂತವನ್ನು ನಮ್ಮ ಮಕ್ಕಳು ಬಹುಮಟ್ಟಿಗೆ ಗರ್ಭದಲ್ಲೇ ದಾಟಿರುತ್ತಾರೆ. ಮಿದುಳಿನ ಆಮೇಲಿನ ತಿದ್ದಾಟ ವರ್ಷಗಟ್ಟಲೆ ನಡೆಯುತ್ತದೆ.

ಹಾಗೆಂದು ಸ್ಪರ್ಶಕ್ಕೆ ಬೆಲೆಯಿಲ್ಲವೆಂದಲ್ಲ. ತಾಯಿ ಹೆಚ್ಚಾಗಿ ನೆಕ್ಕಿ ಬೆಳೆಸಿದ ಇಲಿಮರಿಗಳಲ್ಲಿ, ದೊಡ್ಡವಾದ ಮೇಲೆ ಒತ್ತಡದ ಹಾರ್ಮೋನುಗಳ ಏರಿಕೆ ಹದವಾಗಿರುವುದನ್ನು ಮಾಂಟ್ರಿಯಲ್‌ನ ಮೈಕೆಲ್ ಮೀನಿ ತಂಡ 1997ರಲ್ಲಿ ಕಂಡಿತು. ಮನುಷ್ಯರಲ್ಲಿ, ಅವಧಿಗೆ ಮುನ್ನ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವನ್ನು ಎದೆಗೆ ಒತ್ತಿಕೊಳ್ಳುವ ಕಾಂಗರೂ ಆರೈಕೆ ಜೀವ ಉಳಿಸುತ್ತದೆ. ಅದನ್ನು ದಿನಕ್ಕೆ 8ರಿಂದ 24 ಗಂಟೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಲಹೆ ನೀಡಿದೆ.

ದುಡ್ಡು ಕೊಟ್ಟು 'ಸೆನ್ಸರಿ ಕಿಟ್' ತರಬೇಕಾಗಿಲ್ಲ. ಹಾಲುಣಿಸುವುದು, ಬಟ್ಟೆ ಬದಲಿಸುವುದು, ಎತ್ತಿಕೊಂಡು ತಿರುಗುವುದು, ಅಜ್ಜಿಯ ಮಡಿಲು, ಪೀಣ್ಯದ ಶಿಫ್ಟ್ ಮುಗಿಸಿ ಬಂದು ಕೈ ತೊಳೆದ ಅಪ್ಪನ ಎದೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಎಣ್ಣೆ ಹಚ್ಚುವಾಗ ಮೆಲ್ಲಗೆ ಸವರಿ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಮಗು ಮುಖ ತಿರುಗಿಸಿ ಮೈ ಸೆಟೆಸಿದರೆ ನಿಲ್ಲಿಸಿ.

ಮೈ ತೀರಾ ಸಡಿಲ ಅಥವಾ ಬಿಗಿ ಅನಿಸಿದರೆ, ವರ್ಷ ತುಂಬುವ ಮುಂಚೆಯೇ ಮಗು ಒಂದೇ ಕೈ ಬಳಸುತ್ತಿದ್ದರೆ, ವಿಡಿಯೊ ಹುಡುಕುತ್ತ ಕೂರದೆ ಮಕ್ಕಳ ವೈದ್ಯರಿಗೆ ತೋರಿಸಿ.