ತಾರಸಿಯ ಮೇಲೆ ಡಬ್ಬಿ, ಸೂಜಿ

ಧಾರವಾಡದ ನಮ್ಮ ಮನೆಯ ತಾರಸಿಯಲ್ಲಿ ಎರಡೇ ಜಾತಿಯ ಮೆಣಸು ಬೆಳೆಯುತ್ತವೆ. ಒಂದು ತವರಿನದು: ಸಿದ್ದಾಪುರ ಸೀಮೆಯ ಅಡಿಕೆ ತೋಟದ ಅಂಚಿನಲ್ಲಿ ತಾನಾಗಿ ಹುಟ್ಟುವ ಸೂಜಿಮೆಣಸು. ಇನ್ನೊಂದು ಅತ್ತೆಮನೆಯದು: ಕುಂದಗೋಳದ ಎರೆ ಹೊಲದಿಂದ ಬಂದ ಬ್ಯಾಡಗಿ ಡಬ್ಬಿ. ಗಿಡ ಬೆಳೆಸುವ ಗೆಳತಿಯರು ಭೂತ್ ಜೊಲೋಕಿಯಾ, ಹಬನೆರೊ ಅಂತ ಹೊಸ ಹೊಸ ಬೀಜ ತಂದುಕೊಡಲು ಬರುತ್ತಾರೆ. ಬೇಡವೆನ್ನುತ್ತೇನೆ. ಅವುಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಮ್ಮ ಅಡುಗೆಯಲ್ಲಿ ಅವಕ್ಕೆ ಕೆಲಸವಿಲ್ಲ, ಅಷ್ಟೇ. ಕೆಲಸವಿಲ್ಲದ ಮೆಣಸನ್ನು ಮೊದಲ ವರ್ಷ ಆಸೆಯಿಂದ ಬೆಳೆಸುತ್ತೇವೆ, ಎರಡನೆಯ ವರ್ಷ ಹಂಚುತ್ತೇವೆ, ಆಮೇಲೆ ಅದರ ಬೀಜ ಯಾವುದೋ ಡಬ್ಬದ ತಳ ಸೇರಿ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಮೆಣಸಿನ ಬೀಜ ಮನೆಯ ಸಾಮಾನ್ಯ ಹವೆಯಲ್ಲಿ ಎರಡು ಮೂರು ವರ್ಷಕ್ಕಿಂತ ಹೆಚ್ಚು ಕಾಯುವುದಿಲ್ಲ.

ನಮ್ಮ ಎರಡು ಮೆಣಸುಗಳಿಗೆ ಹೋಲಿಕೆಯೇ ಇಲ್ಲ. ಡಬ್ಬಿ ಗಿಡ್ಡ, ಗುಂಡು, ಒಣಗಿದರೆ ಮೈಯೆಲ್ಲ ಸುಕ್ಕು. ಗಿಡದಲ್ಲಿ ತಲೆ ತಗ್ಗಿಸಿ ಜೋತಾಡುತ್ತದೆ. ಬ್ಯಾಡಗಿಯಲ್ಲೇ ಕಡ್ಡಿ ಎನ್ನುವುದು ಉದ್ದಕ್ಕೆ, ತೆಳ್ಳಗೆ ಬರುತ್ತದೆ, ಅದು ಬೇರೆ. ಸೂಜಿಮೆಣಸು ಬೆರಳಿನ ಒಂದು ಗೆಣ್ಣಿನಷ್ಟೂ ಇರುವುದಿಲ್ಲ, ಮುಗಿಲಿಗೆ ಮುಖ ಮಾಡಿ ನಿಲ್ಲುತ್ತದೆ, ಹಣ್ಣಾದರೆ ಮುಟ್ಟಿದೊಡನೆ ತೊಟ್ಟು ಬಿಟ್ಟು ಕೈಗೆ ಬರುತ್ತದೆ. ಇದನ್ನೇ ಕರಾವಳಿಯಲ್ಲಿ ಗಾಂಧಾರಿ ಮೆಣಸು ಎನ್ನುತ್ತಾರೆ, ಜೀರಿಗೆ ಮೆಣಸು ಎನ್ನುವವರೂ ಇದ್ದಾರೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಡಬ್ಬಿಯದು ಕ್ಯಾಪ್ಸಿಕಂ ಆ್ಯನಮ್ ಪ್ರಭೇದ, ಸೂಜಿಯದು ಕ್ಯಾಪ್ಸಿಕಂ ಫ್ರುಟೆಸೆನ್ಸ್. ಎರಡರ ಮೂಲವೂ ಅಮೆರಿಕ ಖಂಡ, ಪೋರ್ಚುಗೀಸರ ಹಡಗಿನೊಂದಿಗೆ ಬಂದ ಪೀಳಿಗೆ. ಆದರೆ ನಾಲ್ಕೈದು ಶತಮಾನಗಳಲ್ಲಿ ಒಂದು ಮಳೆಕಾಡಿಗೆ ಒಗ್ಗಿತು, ಇನ್ನೊಂದು ಕಪ್ಪು ಮಣ್ಣಿಗೆ. ಇಂದು ಎರಡನ್ನೂ ನಮ್ಮವೆಂದು ಹೇಳಲು ನನಗೆ ಸಂಕೋಚವಿಲ್ಲ.

1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧ ತಜ್ಞ ಖಾರ ಅಳೆಯುವ ಒಂದು ಕ್ರಮ ಕಂಡುಹಿಡಿದ. ಮೆಣಸಿನ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುವಾಗಿಸುತ್ತ ಹೋಗಿ, ರುಚಿ ನೋಡುವವರ ನಾಲಿಗೆಗೆ ಖಾರ ತಿಳಿಯದಂತಾಗುವ ಹಂತವನ್ನು ಗುರುತಿಸುವುದು ಆ ಕ್ರಮ. ಜಗತ್ತು ಈಗಲೂ ಆ ಹೆಸರಿನಲ್ಲೇ ಮೆಣಸನ್ನು ಅಳೆಯುತ್ತದೆ. ಆ ಏಣಿಯಲ್ಲಿ ಡಬ್ಬಿಗೆ ಕೆಳಗಿನ ಮೆಟ್ಟಿಲೇ ಸಿಗುತ್ತದೆ. ಡಬ್ಬಿಯ ದೊಡ್ಡಸ್ತಿಕೆ ಇರುವುದು ಬಣ್ಣದಲ್ಲಿ, ಹುರಿದಾಗ ಏಳುವ ಘಮದಲ್ಲಿ. ತೆಂಗಿನಕಾಯಿಯ ಜೊತೆ ಅರೆದಾಗ ಬರುವ ಆ ಕೆಂಪನ್ನು ಯಾವ ಸ್ಕೋವಿಲ್ ಅಂಕಿಯೂ ಹೇಳುವುದಿಲ್ಲ. ಉಡುಪಿ, ಮಂಗಳೂರಿನ ಮಸಾಲೆಗಳು ಹಾವೇರಿ ಜಿಲ್ಲೆಯ ಒಂದು ಪೇಟೆಯ ಹೆಸರನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿರುವುದು ಅದಕ್ಕೇ.

ಬೀಜ ತೆಗೆಯುವುದನ್ನು ಅತ್ತೆ ಕಲಿಸಿದರು. ಗೊಂಚಲಿನ ದಪ್ಪ ಕಾಯಿಗೆ ನಾನು ಕೈ ಚಾಚಿದಾಗ ಅವರು ಹೇಳಿದ್ದು: "ಕಾಯಿ ನೋಡಿ ಬೀಜಾ ಇಡಬ್ಯಾಡವಾ, ಗಿಡಾ ನೋಡಿ ಇಡು." ಆ ಒಂದು ಮಾತಿನಲ್ಲಿ ತಳಿ ಶಾಸ್ತ್ರದ ದೊಡ್ಡ ಪಾಠವಿದೆ. ಒಂದು ಕಾಯಿ ದಪ್ಪವಾಗಲು ಬಿಸಿಲು, ಗೊಬ್ಬರ, ಟೊಂಗೆಯ ಜಾಗ ಹೀಗೆ ನೂರು ಕಾರಣ. ಆ ಗಿಡದ ಎಲ್ಲ ಕಾಯಿಗಳ ಬೀಜದಲ್ಲೂ ಇರುವುದು ಅದೇ ತಾಯಿಯ ಗುಣ. ಹಾಗಾಗಿ ಇಡೀ ಹಂಗಾಮು ಎಲೆ ಮುದುಡದೆ ನಿಂತ, ಕಾಯಿಗಳೆಲ್ಲ ಒಂದೇ ಆಕಾರದಲ್ಲಿ ಬಂದ, ಒಣಗಿದಾಗ ಸುಕ್ಕು ಚೆನ್ನಾಗಿ ಬೀಳುವ ಗಿಡಕ್ಕೆ ಅತ್ತೆ ಹಳೆ ಸೀರೆಯ ಚೂರು ಕಟ್ಟುತ್ತಿದ್ದರು. ಚೂರು ಕಟ್ಟಿದ ಗಿಡದ ಕಾಯಿಯನ್ನು ಹಸಿಯಾಗಿ ಯಾರೂ ಕೀಳುವಂತಿಲ್ಲ. ಎರಡನೆಯ, ಮೂರನೆಯ ಬಿಡಿಸುವಿಕೆಯ ಹಣ್ಣು ಗಿಡದಲ್ಲೇ ಪೂರ್ತಿ ಕೆಂಪಾಗಿ, ತೊಗಲು ಸಡಿಲಾಗುವ ತನಕ ಕಾಯಬೇಕು. ಆಮೇಲೆ ನೆರಳಿನಲ್ಲಿ ಒಣಗಿಸುವುದು.

ಒಣಗಿದ ಹಣ್ಣನ್ನು ಉಗುರಿನಿಂದ ಉದ್ದಕ್ಕೆ ಸೀಳಿದರೆ ನಡುವೆ ತೆಳುವಾದ ಬಿಳಿಯ ತಿರುಳು, ಅದಕ್ಕೆ ಅಂಟಿಕೊಂಡ ಚಪ್ಪಟೆ ಬೀಜ. ಖಾರ ಇರುವುದು ಬೀಜದಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ಖಾರದ ಅಂಶವಾದ ಕ್ಯಾಪ್ಸೈಸಿನ್ ತಯಾರಾಗುವುದು ಆ ಬಿಳಿ ತಿರುಳಿನಲ್ಲಿ. ಬೀಜಕ್ಕೆ ಅದು ಮೆತ್ತಿಕೊಂಡಿರುತ್ತದೆ. ಹುಲ್ಲಿನ ಹಳದಿ ಬಣ್ಣದ, ತುಂಬಿದ ಬೀಜಗಳನ್ನು ಮಾತ್ರ ಇಟ್ಟು, ಅಂಚು ಕಂದಿದ್ದನ್ನು, ಹಗುರಾದದ್ದನ್ನು ತೆಗೆದುಹಾಕುತ್ತೇವೆ. ಒಲೆಯ ಬೂದಿ ಬೆರೆಸಿ, ಬಾಯಿ ಗಟ್ಟಿ ಇರುವ ಶೀಶೆಯಲ್ಲಿ ಹಾಕಿ, ಮೇಲೆ ವರ್ಷ ಬರೆದು ಕತ್ತಲಿನ ಗೂಡಿನಲ್ಲಿಡುವುದು. ಬೂದಿ ತೇವ ಹೀರುತ್ತದೆ, ಹುಳ ತಡೆಯುತ್ತದೆ.

ಊರಿನ ಹೊಲಕ್ಕೂ ಪೇಟೆಯ ತಾರಸಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹೊಲದಲ್ಲಿ ಸುತ್ತ ಎಲ್ಲವೂ ಡಬ್ಬಿಯೇ ಇದ್ದಾಗ ಬೆರಕೆಯ ಭಯವಿರಲಿಲ್ಲ. ಇಲ್ಲಿ ಪಕ್ಕದ ಮನೆಯ ಕುಂಡದಲ್ಲಿ ಬಜ್ಜಿ ಮೆಣಸಿನಕಾಯಿ, ಎದುರು ಮನೆಯಲ್ಲಿ ದೊಣ್ಣೆ ಮೆಣಸು. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ನಿಜ. ಆದರೂ ಜೇನುನೊಣ ಹೂವಿಂದ ಹೂವಿಗೆ ಓಡಾಡುತ್ತದೆ. ಬೆರಕೆಯಾದರೂ ಈ ವರ್ಷದ ಕಾಯಿಯಲ್ಲಿ ಅದು ಕಾಣುವುದಿಲ್ಲ. ಮುಂದಿನ ವರ್ಷ ಆ ಬೀಜದಿಂದ ಬಂದ ಗಿಡ ಬೇರೆ ಆಕಾರದ ಕಾಯಿ ಬಿಟ್ಟಾಗಲೇ ಗೊತ್ತಾಗುವುದು. ಅಷ್ಟರಲ್ಲಿ ಒಂದು ವರ್ಷ ಹೋಗಿರುತ್ತದೆ. ಅದಕ್ಕೆ ಬೀಜದ ಗಿಡದ ಒಂದು ಟೊಂಗೆಗೆ, ಮೊಗ್ಗು ಅರಳುವ ಮೊದಲೇ, ಹಳೆ ಸೊಳ್ಳೆಪರದೆಯ ಚೀಲ ಕಟ್ಟುತ್ತೇನೆ. ಬೆಳಿಗ್ಗೆ ಟೊಂಗೆಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಒಳಗೇ ಪರಾಗ ಬೀಳುತ್ತದೆ. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು, ಆ ಕಾಯಿಗಳ ತೊಟ್ಟಿಗೆ ದಾರ ಕಟ್ಟಿದರಾಯಿತು. ಡಬ್ಬಿಗೂ ಸೂಜಿಗೂ ನಡುವೆ ಮಾತ್ರ ಅಷ್ಟು ಅಂಜಿಕೆ ಬೇಡ. ಬೇರೆ ಬೇರೆ ಪ್ರಭೇದವಾದ್ದರಿಂದ ಸುಲಭಕ್ಕೆ ಕೂಡುವುದಿಲ್ಲ.

ಡಬ್ಬಿಗೆ ರೋಹಿಣಿ ಮಳೆಯ ಹೊತ್ತಿಗೆ ಅಗಿ ಹಾಕಿ, ಐದಾರು ವಾರದ ಸಸಿಯನ್ನು ಅಗಲ ಬಾಯಿಯ ಕುಂಡಕ್ಕೆ ನೆಡುತ್ತೇವೆ. ಎರೆ ಮಣ್ಣೊಂದನ್ನೇ ಕುಂಡಕ್ಕೆ ತುಂಬಿದರೆ ಮಳೆಗೆ ಕೆಸರು, ಬಿಸಿಲಿಗೆ ಬಿರುಕು. ಮರಳು, ಹಳೆಯ ತಿಪ್ಪೆಗೊಬ್ಬರ ಕೂಡಿಸಲೇಬೇಕು. ಬಿಸಿಲು ಎಷ್ಟಿದ್ದರೂ ಬೇಕು, ನೀರು ಹೆಚ್ಚಾದರೆ ಹೂವುದುರುತ್ತದೆ.

ಮುಟುರು ರೋಗದ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಮೆಣಸು ಬೆಳೆಸಿ ಬೇಸತ್ತು ಬಿಟ್ಟವರಲ್ಲಿ ಹೆಚ್ಚಿನವರು ಸೋತದ್ದು ಇದಕ್ಕೇ. ಎಲೆ ಮುದುಡಿದ ಕೂಡಲೇ ಏನಾದರೊಂದು ಸಿಂಪಡಿಸುವುದಲ್ಲ, ಎಲೆ ಯಾವ ಕಡೆಗೆ ಮುದುಡಿದೆ ಎಂದು ಮೊದಲು ನೋಡಬೇಕು. ಅಂಚು ಮೇಲಕ್ಕೆ ಮಡಚಿ ದೋಣಿಯ ಆಕಾರ ಬಂದರೆ ಅದು ಥ್ರಿಪ್ಸ್ ನುಸಿ. ಕೆಳಕ್ಕೆ ಬಾಗಿ, ಎಲೆ ಕಿರಿದಾಗಿ, ತೊಟ್ಟು ಉದ್ದವಾದರೆ ಮೈಟ್ ನುಸಿ. 2021-22ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ಹಾಳುಗೆಡವಿದ ಕಪ್ಪು ಥ್ರಿಪ್ಸ್ ಎಲೆಗಿಂತ ಹೆಚ್ಚಾಗಿ ಹೂವಿನೊಳಗೆ ಅಡಗುತ್ತದೆ. ಅನುಮಾನ ಬಂದರೆ ಒಂದು ಹೂವನ್ನು ಬಿಳಿ ಕಾಗದದ ಮೇಲೆ ತಟ್ಟಿ ನೋಡಬೇಕು. ಇದ್ದರೆ ಹರಿದಾಡುವುದು ಕಾಣುತ್ತದೆ. ಹತ್ತಾರು ಕುಂಡಗಳ ಮಟ್ಟಿಗೆ ಎಲೆಯ ಅಡಿಗೆ ಜೋರಾಗಿ ನೀರು ಹಾಯಿಸುವುದು, ಸಂಜೆ ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಸಿಂಪಡಿಸುವುದು, ನೀಲಿ ಅಂಟು ಹಾಳೆ ತೂಗುಹಾಕುವುದು ಸಾಕು. ಎಲೆಯಲ್ಲಿ ಹಳದಿ ಚಿತ್ತಾರ ಮೂಡಿ ಗಿಡ ಕುಳ್ಳಾಗಿ ನಿಂತರೆ ಅದು ನಂಜು ರೋಗ. ಅಂಥದ್ದನ್ನು ಕರುಣೆ ತೋರದೆ ಕಿತ್ತು ದೂರ ಹಾಕಬೇಕು.

ಸೂಜಿಯ ಬದುಕೇ ಬೇರೆ. ಅರೆ ನೆರಳು ಸಾಕು, ಮೂರು ನಾಲ್ಕು ವರ್ಷ ಅದೇ ಗಿಡ ಕಾಯಿ ಕೊಡುತ್ತದೆ. ತವರಿನಲ್ಲಿ ಯಾರೂ ಇದನ್ನು ಬಿತ್ತಿದ್ದು ನಾನು ನೋಡಿಲ್ಲ. ಪಿಕಳಾರ ಹಕ್ಕಿ ತಿಂದು ಬದುವಿನ ಮೇಲೆ ಹಿಕ್ಕೆ ಹಾಕಿದಲ್ಲಿ ಏಳುತ್ತದೆ. ಹಕ್ಕಿಗೆ ಈ ಖಾರ ತಟ್ಟುವುದಿಲ್ಲ. ಜೋಶುವಾ ಟ್ಯೂಕ್ಸ್‌ಬರಿ ಮತ್ತು ಗ್ಯಾರಿ ನಭಾನ್ ಎಂಬ ವಿಜ್ಞಾನಿಗಳು 2001ರಲ್ಲಿ ಅಮೆರಿಕದ ಅರಿಜೋನಾದ ಕಾಡುಮೆಣಸಿನ ಬಗ್ಗೆ ಬರೆಯುತ್ತ ಗಿಡಕ್ಕೆ ಇದರಿಂದ ಆಗುವ ಲಾಭವನ್ನು ತೋರಿಸಿಕೊಟ್ಟರು: ಖಾರವಿಲ್ಲದ ಮೆಣಸನ್ನು ತಿನ್ನಿಸಿದಾಗ ಇಲಿಗಳ ಹಿಕ್ಕೆಯ ಬೀಜ ಮೊಳೆಯಲಿಲ್ಲ, ಹಕ್ಕಿಯ ಹೊಟ್ಟೆ ಹಾದುಬಂದದ್ದು ಮೊಳೆಯಿತು. ಹಲ್ಲಿನಿಂದ ಅಗಿಯುವ ಪ್ರಾಣಿಯನ್ನು ದೂರವಿಟ್ಟು, ಇಡಿಯಾಗಿ ನುಂಗುವ ಹಕ್ಕಿಯನ್ನು ಕರೆಯುವುದಕ್ಕೇ ಗಿಡಕ್ಕೆ ಈ ಖಾರ. ಆದರೆ ಹಕ್ಕಿ ಬಿತ್ತಿದ್ದಷ್ಟರಿಂದಲೇ ಗಿಡ ಉಳಿಯಲಿಲ್ಲ. ತೋಟದಲ್ಲಿ ಕಳೆ ಸವರುವ ಕತ್ತಿ ಎಲ್ಲವನ್ನೂ ಸವರಿ ಸೂಜಿಮೆಣಸಿನ ಬುಡಕ್ಕೆ ಬಂದಾಗ ಪಕ್ಕಕ್ಕೆ ಸರಿಯುತ್ತಿತ್ತು, ಏಕೆಂದರೆ ಆ ಕತ್ತಿ ಹಿಡಿದವರ ಮನೆಯಲ್ಲೂ ನಮ್ಮ ಮನೆಯಲ್ಲೂ ಮಧ್ಯಾಹ್ನದ ಅಪ್ಪೆಹುಳಿಗೆ ಅದೇ ಬೇಕು. ಬೇಯಿಸಿದ ಹುಳಿ ಮಾವಿನಕಾಯಿ ಕಿವುಚಿ, ನೀರು ಮಾಡಿ, ಉಪ್ಪು ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗು, ಸೂಜಿಮೆಣಸಿನ ಒಗ್ಗರಣೆ. ಬೇರೆ ಮೆಣಸು ಹಾಕಿದರೆ ಅದು ಮಾವಿನಕಾಯಿ ಸಾರು, ಅಪ್ಪೆಹುಳಿ ಅಲ್ಲ. ಸೂಜಿಯ ಖಾರ ತಟ್ಟನೆ ಏರಿ ತಟ್ಟನೆ ಇಳಿಯುತ್ತದೆ, ಮಾವಿನ ಘಮವನ್ನು ಮುಚ್ಚುವುದಿಲ್ಲ. ಅದನ್ನು ಬಿಡಿಸುವ ಮೊದಲು ಮಾತ್ರ ಕೈಗೆ ಎಣ್ಣೆ ಸವರಿಕೊಳ್ಳಬೇಕು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು. ಉರಿ ಹತ್ತಿದ ಕೈಗೆ ಬರೀ ನೀರು ಹಾಕಿದರೆ ಏನೂ ಆಗುವುದಿಲ್ಲ. ಎಣ್ಣೆ ತಿಕ್ಕಿ, ಆಮೇಲೆ ಸೋಪು.

ಡಬ್ಬಿಯನ್ನು ಹೀಗೆಯೇ ಕಾಯುತ್ತಿರುವುದು ರಂಜಕ ಎಂಬ ಚಟ್ನಿ. ಸಂಕ್ರಾಂತಿಯ ಆಚೀಚೆ ಹಣ್ಣು ಮೆಣಸಿನಕಾಯಿ ಕೈಗೆ ಬಂದಾಗ ತೊಳೆದು, ಒಂದು ಹನಿ ನೀರಿಲ್ಲದಂತೆ ಒರೆಸಿ, ನೆರಳಿಗೆ ಹರವಿ, ತೊಟ್ಟು ಮುರಿದು, ಕಲ್ಲುಪ್ಪಿನ ಜೊತೆ ಒರಳಲ್ಲಿ ತರಿತರಿಯಾಗಿ ಕುಟ್ಟುವುದು. ತೊಟ್ಟನ್ನು ತೊಳೆಯುವ ಮೊದಲೇ ಮುರಿದರೆ ಒಳಗೆ ನೀರು ಇಳಿದು ರಂಜಕ ಕೆಡುತ್ತದೆ. ಭರಣಿಯಲ್ಲಿ ಎರಡು ಮೂರು ದಿನ ಹುಳಿ ಬಂದ ಮೇಲೆ ಹುರಿದ ಮೆಂತ್ಯದ ಪುಡಿ, ಬೆಳ್ಳುಳ್ಳಿ, ನಿಂಬೆರಸ, ಚೂರು ಬೆಲ್ಲ ಸೇರಿಸಿ ಮತ್ತೊಮ್ಮೆ ಅರೆಯುತ್ತೇವೆ. ಜೋಳದ ರೊಟ್ಟಿ, ಬೆಣ್ಣೆ, ರಂಜಕ ಇದ್ದ ದಿನ ಮನೆಯಲ್ಲಿ ಯಾರೂ ಪಲ್ಯ ಕೇಳುವುದಿಲ್ಲ. ಹೆಚ್ಚು ಖಾರದ ಮೆಣಸಿನಿಂದ ಇದನ್ನು ಮಾಡಲು ಬರುವುದಿಲ್ಲ, ರೊಟ್ಟಿಗೆ ಬೆರಳಿನಷ್ಟು ಹಚ್ಚಿ ತಿನ್ನಬೇಕಾದ ಪದಾರ್ಥ ಇದು.

ಉಳಿದ ಹಣ್ಣನ್ನು ಒಂದು ರಾತ್ರಿ ಗುಡ್ಡೆ ಹಾಕಿಟ್ಟು, ಬಣ್ಣ ಒಂದೇ ಸಮ ಬಂದ ಮೇಲೆ ತಾರಸಿಯಲ್ಲಿ ಬಟ್ಟೆಯ ಮೇಲೆ ಹರವುತ್ತೇವೆ. ಸಂಜೆ ಇಬ್ಬನಿ ಬೀಳುವ ಮುನ್ನ ಮುಚ್ಚುವುದು. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನಬೇಕು. ಬೆಳಕಿಗೆ ಬಿಟ್ಟರೆ ಕೆಂಪು ಮಾಸುತ್ತದೆ, ಗಾಜಿನ ಡಬ್ಬವನ್ನು ಕಿಟಕಿ ಪಕ್ಕ ಇಡಬಾರದು. ಹುರಿಯುವಾಗ ಉರಿ ಸಣ್ಣದಿರಲಿ. ಡಬ್ಬಿ ಕರಕಲಾದರೆ ಕಹಿ.

2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಬಂದದ್ದು ಒಳ್ಳೆಯದೇ. ಆದರೆ ಆ ಮಾನ್ಯತೆ ಕಾಯುವುದು ಹೆಸರನ್ನು, ಬೀಜವನ್ನಲ್ಲ. ಕುಂದಗೋಳದಲ್ಲಿ ನಮ್ಮ ಚಿಕ್ಕಮಾವನವರ ಹೊಲದಲ್ಲೂ ಈಗ ಮಾರಾಟಕ್ಕೆ ಹೈಬ್ರಿಡ್ ಬೀಜವೇ. ಇಳುವರಿ ಜಾಸ್ತಿ, ಸಾಲ ತೀರಬೇಕಲ್ಲ. ಅವರನ್ನು ದೂರುವ ಹಕ್ಕು ತಾರಸಿಯ ಮೇಲೆ ಕುಂಡ ಇಟ್ಟುಕೊಂಡ ನನಗಿಲ್ಲ. ಆದರೆ ಹೊಲದ ಒಂದು ಅಂಚಿಗೆ ನಾಲ್ಕು ಸಾಲು ಡಬ್ಬಿ ಇದ್ದೇ ಇದೆ. ಕೇಳಿದರೆ "ಮನೀ ಖರ್ಚಿಗೆ ಬೇಕಲ್ಲವಾ, ರಂಜಕಾ ಎದರಾಗ ಮಾಡೂದು?" ಎನ್ನುತ್ತಾರೆ. ಸುತ್ತ ಹೈಬ್ರಿಡ್ ನಿಂತಿರುವಾಗ ಆ ನಾಲ್ಕು ಸಾಲಿನ ಬೀಜ ಎಷ್ಟು ವರ್ಷ ಶುದ್ಧವಾಗಿ ಉಳಿದೀತು ಎಂಬ ಚಿಂತೆ ನನ್ನದು. ಹಾಗಾಗಿ ಪರದೆ ಕಟ್ಟಿ ತೆಗೆದ ಬೀಜವನ್ನು ಪ್ರತಿ ಬೇಸಿಗೆ ಅವರಿಗೂ ಒಂದು ಪಾಲು ಕಳಿಸುತ್ತೇನೆ.

ಬೀಜ ಕೇಳಿ ಬಂದ ಬೇರೆಯವರಿಗೆ ಬೀಜವನ್ನಷ್ಟೇ ಕೊಡುವುದಿಲ್ಲ, ಒಂದು ಸಣ್ಣ ಶೀಶೆ ರಂಜಕವನ್ನೂ ಕೊಡುತ್ತೇನೆ. ಅದು ಖಾಲಿಯಾದ ಮೇಲೆ ಮತ್ತೆ ಫೋನು ಮಾಡಿ "ಮಾಡೂದು ಹೆಂಗರೀ?" ಎಂದು ಕೇಳಿದವರ ಮನೆಯಲ್ಲೇ ಮರುವರ್ಷವೂ ಡಬ್ಬಿ ಇರುತ್ತದೆ. ಹುಬ್ಬಳ್ಳಿಯ ನಾದಿನಿ ಈ ಸಲ ಅಗಿ ಹಾಕಿದ್ದಾಳೆ. ಅವಳ ಗಿಡಗಳ ಪಕ್ಕದಲ್ಲೇ ಬಜ್ಜಿ ಮೆಣಸಿನಕಾಯಿ ಇದೆಯಂತೆ. ಸೊಳ್ಳೆಪರದೆಯ ಎರಡು ಚೀಲ ಹೊಲಿದು ಕಳಿಸಿದ್ದೇನೆ.