ಚಾಲಕ ಪುನರ್ವಸತಿ ತಜ್ಞನ ಶಿಕ್ಷಣ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು: ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲು ನಿಲ್ದಾಣವಿಲ್ಲ. ಜಿಲ್ಲಾ ಕೇಂದ್ರವನ್ನು ಸೇರಬೇಕಾದರೆ ಸುಮಾರು ೪೦ರಿಂದ ೬೦ ಕಿಲೋಮೀಟರು ರಸ್ತೆಯನ್ನೇ ನಂಬಬೇಕು. ಹಳ್ಳಿಗಳಿಂದ ಈ ಊರುಗಳಿಗೆ ಬರುವವರಿಗೂ ಬಸ್ಸು ಇಲ್ಲವೆ ಸ್ವಂತ ವಾಹನವೇ ಗತಿ. ಬಸ್ಸಿನ ಮೆಟ್ಟಿಲನ್ನು ಏರಲಾರದವನಿಗೆ ಬಸ್ಸು ಇದ್ದೂ ಇಲ್ಲದಂತೆಯೇ ಸರಿ. ಆದುದರಿಂದ ಇಂಥ ಸೀಮೆಯಲ್ಲಿ ಅಂಗಬಲವನ್ನು ಕಳೆದುಕೊಂಡವನೊಬ್ಬನು ಮತ್ತೆ ವಾಹನ ನಡೆಸಬಲ್ಲನೆ ಎಂಬುದು ಅವನ ಅನ್ನದ ಪ್ರಶ್ನೆಯೇ ಆಗಿಬಿಡುತ್ತದೆ.

ಮೂವರನ್ನು ಕಲ್ಪಿಸಿಕೊಳ್ಳೋಣ. ಚನ್ನಗಿರಿಯ ಕಡೆಯ ತೋಟವೊಂದರಲ್ಲಿ ಅಡಿಕೆಯ ಕೊನೆ ಕೊಯ್ಯಲು ಮರವೇರಿದ ಯುವಕನು ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ತಪ್ಪಿದೆ. ಹೊನ್ನಾಳಿಯ ಅಂಗಡಿಕಾರರೊಬ್ಬರಿಗೆ ಪಾರ್ಶ್ವವಾಯು ತಗುಲಿ ಎಡಗೈ ಎಡಗಾಲುಗಳು ಅರೆಬರೆ ಚೇತರಿಸಿಕೊಂಡಿವೆ. ಜಗಳೂರಿನ ದರ್ಜಿ ಹೆಂಗಸೊಬ್ಬರಿಗೆ ಬಾಲ್ಯದಲ್ಲಿ ಬಂದ ಪೋಲಿಯೊದಿಂದ ಬಲಗಾಲು ಬಡವಾಗಿದೆ. ಈ ಮೂವರಲ್ಲಿ ಯಾರು, ಯಾವ ವಾಹನವನ್ನು, ಯಾವ ಮಾರ್ಪಾಟಿನೊಡನೆ, ಎಷ್ಟು ಅಭ್ಯಾಸದ ಬಳಿಕ ನಡೆಸಬಹುದು? ವೈದ್ಯರು ದೇಹದ ಸ್ಥಿತಿಯನ್ನು ಬಲ್ಲರು. ಮೆಕ್ಯಾನಿಕನು ವಾಹನವನ್ನು ಬಲ್ಲನು. ಸಾರಿಗೆ ಕಚೇರಿಯ ನಿರೀಕ್ಷಕರು ಕಲಿತು ಮುಗಿಸಿದವನ ಚಾಲನೆಯನ್ನು ಪರೀಕ್ಷಿಸುತ್ತಾರೆ. ದೇಹವು ಎಷ್ಟು ಕೊಡಬಲ್ಲದು, ಯಂತ್ರವು ಎಷ್ಟು ಕೇಳುತ್ತದೆ ಎಂದು ಎರಡನ್ನೂ ಅಳೆದು ಹೊಂದಿಸುವವನು ಬೇರೊಬ್ಬನು. ಅವನೇ ಚಾಲಕ ಪುನರ್ವಸತಿ ತಜ್ಞನು.

ಅಮೆರಿಕದಲ್ಲಿ ಈ ಕಸುಬಿನವರು ೧೯೭೭ರಲ್ಲಿಯೇ ತಮ್ಮದೊಂದು ಸಂಘವನ್ನು ಕಟ್ಟಿಕೊಂಡರು. ಅನುಭವವನ್ನೂ ಪರೀಕ್ಷೆಯನ್ನೂ ಆಧರಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಅಲ್ಲಿ ಬೆಳೆಯಿತು. ಇವರಲ್ಲಿ ಬಹುಮಂದಿ ಮೊದಲು ಆಕ್ಯುಪೇಷನಲ್ ಥೆರಪಿ, ಎಂದರೆ ನಿತ್ಯದ ಕೆಲಸಗಳನ್ನು ರೋಗಿಗೆ ಮರಳಿ ಕಲಿಸುವ ಚಿಕಿತ್ಸಾಶಾಸ್ತ್ರವನ್ನು ಓದಿದವರು. ಕೆಲವರು ಡ್ರೈವಿಂಗ್ ಶಾಲೆಯ ಶಿಕ್ಷಕರಾಗಿದ್ದು ಬಳಿಕ ದೇಹವಿಜ್ಞಾನವನ್ನು ಕಲಿತವರು. ಯಾವ ಬಾಗಿಲಿನಿಂದ ಬಂದರೂ ಅವರು ಕಲಿಯಬೇಕಾದ ಪಾಠಗಳಲ್ಲಿ ಅರ್ಧದಷ್ಟು ಭೌತಶಾಸ್ತ್ರವೇ ಎಂದು ನಮಗೆ ತೋರುತ್ತದೆ. ಆ ವಿಷಯವನ್ನೇ ಬೋಧಿಸುವವರ ಪಕ್ಷಪಾತವೆಂದು ಓದುಗರು ಇದನ್ನು ಕ್ಷಮಿಸಬೇಕು.

ಮೊದಲನೆಯ ಪಾಠವು ಕಾಲದ್ದು. ವಾಹನವು ಗಂಟೆಗೆ ೫೪ ಕಿಲೋಮೀಟರು, ಎಂದರೆ ಸೆಕೆಂಡಿಗೆ ೧೫ ಮೀಟರು ವೇಗದಲ್ಲಿದೆಯೆಂದು ಭಾವಿಸೋಣ. ಅಡ್ಡ ಬಂದ ಎಮ್ಮೆಯನ್ನು ಕಂಡು ಬ್ರೇಕು ಒತ್ತುವಷ್ಟರಲ್ಲಿ ೧ ಸೆಕೆಂಡು ಕಳೆದರೆ ವಾಹನವು ಆಗಲೇ ೧೫ ಮೀಟರು ಮುಂದೆ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಬ್ರೇಕಿನಿಂದ ವೇಗವು ಪ್ರತಿ ಸೆಕೆಂಡಿಗೂ ೬ ಮೀಟರಿನಂತೆ ತಗ್ಗುವುದಾದರೆ, ವೇಗದ ವರ್ಗವನ್ನು ಅದರ ಇಮ್ಮಡಿಯಿಂದ ಭಾಗಿಸಿದಾಗ, ೨೨೫ನ್ನು ೧೨ರಿಂದ ಭಾಗಿಸಿದಂತೆ, ಇನ್ನೂ ೧೮.೭೫ ಮೀಟರು ಬೇಕು. ಒಟ್ಟು ೩೪ ಮೀಟರಿಗೆ ಸ್ವಲ್ಪ ಕಡಿಮೆ. ಪ್ರತಿಕ್ರಿಯೆಗೆ ಒಂದೂವರೆ ಸೆಕೆಂಡು ಹಿಡಿಯುವವನಿಗೆ ಏಳೂವರೆ ಮೀಟರು ಹೆಚ್ಚು ಬೇಕಾಗುತ್ತದೆ. ಸುಗ್ಗಿಯ ಕಾಲದಲ್ಲಿ ನಮ್ಮ ರಸ್ತೆಗಳ ಮೇಲೆ ಮೆಕ್ಕೆಜೋಳವನ್ನು ಒಣಹಾಕುವ ವಾಡಿಕೆಯನ್ನು ಎಲ್ಲರೂ ಬಲ್ಲರು. ಉರುಳುವ ಕಾಳಿನ ಮೇಲೆ ಟೈರಿನ ಹಿಡಿತ ಅರ್ಧಕ್ಕಿಳಿದರೆ ೧೮.೭೫ ಮೀಟರು ೩೭.೫ ಆಗುತ್ತದೆ. ತಜ್ಞನು ಅಳೆದ ಅರ್ಧ ಸೆಕೆಂಡಿಗೆ ರಸ್ತೆಯಲ್ಲಿ ಎಷ್ಟು ಬೆಲೆಯಿದೆಯೆಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿ ಒಂದು ತಪ್ಪು ಭಾವನೆಯನ್ನು ನಿವಾರಿಸಬೇಕು. ಕಾಲಿಲ್ಲದೆ ಕೈಯಿಂದಲೇ ಬ್ರೇಕು ಹಾಕುವವನು ನಿಧಾನಿ ಎಂದು ಜನ ತಿಳಿಯುತ್ತಾರೆ. ಹಾಗೇನೂ ಇಲ್ಲ. ಪಾದದಿಂದ ನಡೆಸುವವನು ಆಕ್ಸಿಲರೇಟರಿನಿಂದ ಪಾದವನ್ನೆತ್ತಿ ಬ್ರೇಕಿನ ಮೇಲಿಡಬೇಕು. ಕೈಹಿಡಿಯ ಸಾಮಾನ್ಯ ಮಾದರಿಯಲ್ಲಿ ಒಂದೇ ಸನ್ನೆಯನ್ನು ಎಳೆದರೆ ವೇಗ, ತಳ್ಳಿದರೆ ಬ್ರೇಕು. ಕೈ ಸ್ಥಳ ಬದಲಿಸಬೇಕಾಗಿಲ್ಲ. ಮಿದುಳಿನಿಂದ ಕೈಗೆ ನರದ ಹಾದಿಯೂ ಪಾದದ ಹಾದಿಗಿಂತ ಗಿಡ್ಡ.

ಎರಡನೆಯದು ಸನ್ನೆಯ ಪಾಠ. ಬ್ರೇಕಿನ ಪೆಡಲನ್ನು ೨೦ ಕಿಲೋಗ್ರಾಂ ತೂಕದಷ್ಟು ಬಲದಿಂದ ೫ ಸೆಂಟಿಮೀಟರು ಒತ್ತಬೇಕೆಂದು ಇಟ್ಟುಕೊಳ್ಳಿ. ಆಧಾರಬಿಂದುವಿನಿಂದ ಒಂದು ಕಡೆ ೬ ಸೆಂಟಿಮೀಟರು, ಕೈಯ ಕಡೆ ೨೪ ಸೆಂಟಿಮೀಟರು ಇರುವ ಸನ್ನೆಯನ್ನು ಜೋಡಿಸಿದರೆ ಕೈಗೆ ೫ ಕಿಲೋಗ್ರಾಂ ತೂಕದಷ್ಟು ಬಲ ಸಾಕು. ಆದರೆ ಪ್ರಕೃತಿಯು ಪುಕ್ಕಟೆಯಾಗಿ ಏನನ್ನೂ ಕೊಡುವುದಿಲ್ಲ. ಕೈ ಈಗ ೨೦ ಸೆಂಟಿಮೀಟರು ಚಲಿಸಬೇಕು. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆತ್ತಂತಾಯಿತು. ಮುಂದಕ್ಕೆ ಬಾಗಲಾರದ ಚನ್ನಗಿರಿಯ ಯುವಕನಿಗೆ ಆ ೨೦ ಸೆಂಟಿಮೀಟರು ಕೈಗೆಟುಕುವುದೋ ಇಲ್ಲವೋ ಎಂಬುದನ್ನು ಅವನನ್ನು ಆಸನದಲ್ಲಿ ಕೂರಿಸಿ ಅಳೆದು ನೋಡಿದ ಹೊರತು ಹೇಳುವಂತಿಲ್ಲ. ಎಲ್ಲರಿಗೂ ಒಂದೇ ಅಳತೆಯ ಸನ್ನೆಯನ್ನು ಬೆಸುಗೆ ಹಾಕಿಕೊಡುವ ಮೆಕ್ಯಾನಿಕನ ದೋಷ ಇಲ್ಲಿಯೇ ಇದೆ. ಅವನ ಕೈಚಳಕದಲ್ಲಿ ಕೊರತೆಯಿಲ್ಲ, ಅವನಿಗೆ ಅಳತೆ ಕೊಡುವವರು ಇಲ್ಲ.

ಸ್ಟೀರಿಂಗಿನ ವಿಷಯವೂ ಹೀಗೆಯೇ. ಎರಡು ಕೈಗಳು ಚಕ್ರದ ಎರಡು ಅಂಚುಗಳಲ್ಲಿ ಎದುರುಬದುರಾಗಿ ಎಳೆದಾಗ ಉಂಟಾಗುವ ತಿರುಗುಬಲವನ್ನು ಒಂದೇ ಕೈಯಿಂದ ಪಡೆಯಬೇಕಾದರೆ ಆ ಕೈ ಎರಡರಷ್ಟು ಎಳೆಯಬೇಕು. ಹೊನ್ನಾಳಿಯ ಅಂಗಡಿಕಾರರಿಗೆ ಚಕ್ರದ ಮೇಲೊಂದು ತಿರುಗುವ ಗುಂಡಿಯೂ ಪವರ್ ಸ್ಟೀರಿಂಗೂ ಬೇಕಾಗುವುದು ಇದರಿಂದಲೇ. ಆದರೆ ಅವರ ವಿಷಯದಲ್ಲಿ ಹೆಚ್ಚಿನ ತೊಡಕು ಕೈಯದಲ್ಲ, ಕಣ್ಣಿನದು. ಸರಿಯಾಗಿ ಹೇಳುವುದಾದರೆ ಮಿದುಳಿನದು. ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ಕೆಲವರಿಗೆ ದೃಷ್ಟಿಕ್ಷೇತ್ರದ ಎಡ ಅರ್ಧವೇ ಮರೆಯಾಗುತ್ತದೆ. ಮತ್ತೆ ಕೆಲವರಿಗೆ ಕಣ್ಣು ಕಂಡರೂ ಎಡಬದಿಯತ್ತ ಗಮನವೇ ಹರಿಯುವುದಿಲ್ಲ. ಇಂಥವರಿಗೆ ತಮಗೆ ಏನೋ ಕಾಣುತ್ತಿಲ್ಲವೆಂಬ ಅರಿವೂ ಇರದೆ ಹೋಗಬಹುದು. ನಮ್ಮಲ್ಲಿ ವಾಹನವು ರಸ್ತೆಯ ಎಡಕ್ಕೆ ಚಲಿಸುತ್ತದೆ. ಶಾಲೆಗೆ ಹೋಗುವ ಮಕ್ಕಳೂ ಸೈಕಲ್ಲಿನವರೂ ಅದೇ ಬದಿಯಲ್ಲಿರುತ್ತಾರೆ. ಅಕ್ಷರಗಳ ಪಟವನ್ನು ಓದಿಸಿದ ಮಾತ್ರಕ್ಕೆ ಈ ದೋಷ ಹೊರಬೀಳುವುದಿಲ್ಲ. ಬೇರೆ ಬೇರೆ ಪರೀಕ್ಷೆಗಳಿಂದ ಇದನ್ನು ಕಂಡುಹಿಡಿಯುವುದನ್ನೂ, ತಲೆ ಹೊರಳಿಸಿ ನೋಡುವ ಅಭ್ಯಾಸವನ್ನು ಮಾಡಿಸುವುದನ್ನೂ, ಫಲ ಕಾಣದಿದ್ದರೆ ‘ಬೇಡ’ ಎಂದು ಸ್ಪಷ್ಟವಾಗಿ ಬರೆಯುವುದನ್ನೂ ತಜ್ಞನು ಕಲಿಯಬೇಕು. ಈ ಕೊನೆಯದೇ ಅವನ ಶಿಕ್ಷಣದಲ್ಲಿ ಅತ್ಯಂತ ಕಷ್ಟದ ಭಾಗವೆಂದು ನಮ್ಮ ಭಾವನೆ. ಎದುರಿಗೆ ಕುಳಿತವರ ಅಂಗಡಿ ನಡೆಯುವುದು ಆ ಒಂದು ಮಾತಿನ ಮೇಲೆ.

ಈಗ ತಿರುವಿನ ಮಾತು. ಗಂಟೆಗೆ ೩೬ ಕಿಲೋಮೀಟರು ವೇಗದಲ್ಲಿ, ೪೦ ಮೀಟರು ತ್ರಿಜ್ಯದ ತಿರುವಿನಲ್ಲಿ ಹೋಗುವ ಕಾರಿನೊಳಗೆ ಕುಳಿತವನನ್ನು ತನ್ನೊಡನೆ ತಿರುಗಿಸಿಕೊಳ್ಳಲು ಅವನ ತೂಕದ ಕಾಲು ಭಾಗದಷ್ಟು ಬಲ ಬೇಕು. ಸೊಂಟದ, ಬೆನ್ನಿನ ಸ್ನಾಯುಗಳು ಗಟ್ಟಿಯಾಗಿರುವವನು ಇದನ್ನು ಗಮನಿಸುವುದೇ ಇಲ್ಲ. ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಪೆಟ್ಟಾದವನು ಪಕ್ಕಕ್ಕೆ ವಾಲುತ್ತಾನೆ. ವಾಲದಿರಲು ಸ್ಟೀರಿಂಗನ್ನೇ ಆತುಕೊಂಡರೆ ವಾಹನವು ಎತ್ತಲೋ ತಿರುಗುತ್ತದೆ. ಅಗಲವಾದ ಎದೆಪಟ್ಟಿಯೊಂದು, ಪಕ್ಕದಲ್ಲಿ ಒತ್ತು ಕೊಡುವ ದಿಂಬೊಂದು ಇದಕ್ಕೆ ಪರಿಹಾರ. ಖರ್ಚು ಅಲ್ಪ, ಆದರೆ ಬೇಕೆಂದು ಹೊಳೆಯುವುದು ಬಲ್ಲವನಿಗೆ ಮಾತ್ರ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕಾರಿಗಿಂತ ಹೆಚ್ಚಾಗಿ ಕಾಣುವುದು ಹಿಂಬದಿಯಲ್ಲಿ ಎರಡು ಪಕ್ಕದ ಚಕ್ರಗಳನ್ನು ಜೋಡಿಸಿದ ಸ್ಕೂಟರು. ಅಂಗವಿಕಲರಿಗೆ ಯಂತ್ರಚಾಲಿತ ವಾಹನ ಕೊಡುವ ಸರ್ಕಾರಿ ಯೋಜನೆಯೂ ಉಂಟು. ಜಗಳೂರಿನ ದರ್ಜಿ ಹೆಂಗಸಿಗೆ ಇದು ವರವೇ ಸರಿ. ಆದರೆ ಇದರ ಸ್ವಭಾವವನ್ನು ತಿಳಿದಿರಬೇಕು. ಸಾಮಾನ್ಯ ಸ್ಕೂಟರು ತಿರುವಿನಲ್ಲಿ ಒಳಮುಖವಾಗಿ ವಾಲಿ ಸಮತೋಲ ಕಾಯ್ದುಕೊಳ್ಳುತ್ತದೆ. ಪಕ್ಕದ ಚಕ್ರಗಳಿದ್ದರೆ ವಾಲಲಾಗದು. ಪಕ್ಕದ ಚಕ್ರವು ನಡುಗೆರೆಯಿಂದ ೪೦ ಸೆಂಟಿಮೀಟರು ದೂರದಲ್ಲಿಯೂ, ಸವಾರರ ಸಹಿತ ಗುರುತ್ವಕೇಂದ್ರವು ನೆಲದಿಂದ ೮೦ ಸೆಂಟಿಮೀಟರು ಎತ್ತರದಲ್ಲಿಯೂ ಇದ್ದರೆ, ಹೊರಬಲವು ತೂಕದ ಅರ್ಧವನ್ನು ಮೀರಿದೊಡನೆ ವಾಹನ ಮಗುಚುತ್ತದೆ. ೧೦ ಮೀಟರು ತ್ರಿಜ್ಯದ ತಿರುವಿನಲ್ಲಿ ಈ ಮಿತಿಯು ಸೆಕೆಂಡಿಗೆ ೭ ಮೀಟರು, ಅಂದರೆ ಗಂಟೆಗೆ ಸುಮಾರು ೨೫ ಕಿಲೋಮೀಟರು. ಮುಂದೆ ಚಕ್ರವು ಒಂದೇ ಆದುದರಿಂದ ನಿಜವಾದ ಮಿತಿ ಇನ್ನೂ ಕಡಿಮೆ. ವಾಹನವನ್ನು ಕೊಟ್ಟು ಕೀಲಿಕೈಯನ್ನು ಕೈಗಿತ್ತರೆ ಸಾಲದು. ಈ ಲೆಕ್ಕವನ್ನು ಅವರ ಮೈಗೆ ಹತ್ತಿಸಬೇಕು.

ಅದು ಆಗುವುದು ರಸ್ತೆಯ ಮೇಲೆ. ತಜ್ಞನ ಶಿಕ್ಷಣದ ಉಳಿದರ್ಧವೂ ಅಲ್ಲಿಯೇ. ಶಿಕ್ಷಕನ ಕಡೆಗೂ ಬ್ರೇಕು ಇರುವ ಕಾರಿನಲ್ಲಿ, ಮೊದಲು ಬಯಲಿನಲ್ಲಿ, ಅನಂತರ ನಿರ್ಜನ ರಸ್ತೆಯಲ್ಲಿ, ಕೊನೆಗೆ ಸಂತೆಯ ದಿನದ ಪೇಟೆಯಲ್ಲಿ, ಕಲಿಯುವವನ ಪಕ್ಕದಲ್ಲಿ ಕುಳಿತು ಎಲ್ಲಿ ತಡೆಯಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಅವನು ಅನುಭವದಿಂದ ಅರಿಯಬೇಕು.

ನಮ್ಮ ಕಾನೂನು ಇದಕ್ಕೆ ಬಾಗಿಲು ಮುಚ್ಚಿಲ್ಲ. ೧೯೮೮ರ ಮೋಟಾರು ವಾಹನಗಳ ಅಧಿನಿಯಮದಲ್ಲಿ ಅಂಗವಿಕಲರ ವಾಹನವನ್ನು ಅಶಕ್ತರ ಗಾಡಿ ಎಂಬರ್ಥದ ಹೆಸರಿನಿಂದ ಕರೆದಿತ್ತು. ೨೦೧೯ರ ತಿದ್ದುಪಡಿಯಲ್ಲಿ ಅದು ಹೋಗಿ ‘ಮಾರ್ಪಡಿಸಿದ ವಾಹನ’ ಎಂಬರ್ಥದ ಹೆಸರು ಬಂದಿತು. ಕೊರತೆಯು ದೇಹದಲ್ಲಿದೆಯೆಂಬ ಮಾತಿನಿಂದ ಯಂತ್ರವನ್ನು ಹೊಂದಿಸಬಹುದೆಂಬ ಮಾತಿಗೆ ಕಾನೂನು ಸರಿದಂತಾಯಿತು. ಆದರೆ ಹೊಂದಿಸುವ ತಜ್ಞನಿಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ವೈದ್ಯರ ಪ್ರಮಾಣಪತ್ರದಿಂದ ನೇರವಾಗಿ ಚಾಲನಾ ಪರೀಕ್ಷೆಗೆ ಹಾರಬೇಕು.

ಸೇತುವೆ ಕಟ್ಟಲು ಬೇಕಾದ ಕಲ್ಲುಗಳು ಇಲ್ಲಿಯೇ ಇವೆ. ದಾವಣಗೆರೆಯಲ್ಲಿ ಅಂಗವಿಕಲರ ಪುನರ್ವಸತಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿಯ ಪದವಿ ತರಗತಿಗಳು ನಡೆಯುತ್ತವೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲ್ಲೂಕಿನ ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಯಾರ ಮನೆಯಲ್ಲಿ ಯಾರು ನಡೆಯಲಾರರೆಂಬುದು ಇವರಿಗೆ ಹೆಸರು ಸಹಿತ ಗೊತ್ತು. ಥೆರಪಿಯ ಪದವೀಧರನೊಬ್ಬನು ಡ್ರೈವಿಂಗ್ ಶಾಲೆಯ ಶಿಕ್ಷಕನೊಡನೆ ಕೆಲವು ತಿಂಗಳು ಕೂಡಿ ದುಡಿದರೆ ಇಬ್ಬರೂ ಪರಸ್ಪರರಿಂದ ಕಲಿಯಬಹುದು. ವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ, ವೈದ್ಯ ಇಲ್ಲವೆ ಎಂಜಿನಿಯರು ಎಂಬ ಎರಡೇ ದಾರಿಗಳ ನಡುವೆ, ಇಂಥದೊಂದು ದಾರಿಯಿದೆಯೆಂದು ಹೇಳುವವರೂ ವಿರಳ.

ಆಸಕ್ತರು ಈಗಲೇ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಗೆಳೆಯನು ಅಡಿಕೋಲನ್ನು ನೆಟ್ಟಗೆ ಹಿಡಿದಿರಲಿ. ಸೊನ್ನೆಯ ಗುರುತಿನ ಬಳಿ ನಿಮ್ಮ ಬೆರಳುಗಳನ್ನು ತೆರೆದಿಟ್ಟುಕೊಳ್ಳಿ. ಅವನು ಹೇಳದೆ ಕೈಬಿಟ್ಟಾಗ ಹಿಡಿಯಿರಿ. ಕೋಲು ೨೦ ಸೆಂಟಿಮೀಟರು ಬಿದ್ದಿದ್ದರೆ ನಿಮ್ಮ ಪ್ರತಿಕ್ರಿಯಾಕಾಲ ೦.೨ ಸೆಕೆಂಡು, ೩೦ ಸೆಂಟಿಮೀಟರಾದರೆ ಸುಮಾರು ೦.೨೫. ಬಳಿಕ ಅದೇ ಕೋಲನ್ನು ಗೋಡೆಗೆ ತಾಗಿಸಿ ಬಿಡಿಸಿ, ಬೀಳುವಾಗ ಪಾದದ ತುದಿಯಿಂದ ಗೋಡೆಗೆ ಒತ್ತಿ ನಿಲ್ಲಿಸಿರಿ. ಕೈಗೂ ಕಾಲಿಗೂ ಹತ್ತು ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಎರಡರ ನಡುವಣ ವ್ಯತ್ಯಾಸವನ್ನು ೧೫ರಿಂದ ಗುಣಿಸಿದರೆ, ಗಂಟೆಗೆ ೫೪ ಕಿಲೋಮೀಟರು ವೇಗದಲ್ಲಿ ಅದು ಎಷ್ಟು ಮೀಟರು ರಸ್ತೆಗೆ ಸಮನೆಂಬುದು ದೊರೆಯುತ್ತದೆ.