ಎದೆ ಢವಗುಟ್ಟುವ ಮಗುವಿನ ಪಕ್ಕದಲ್ಲಿ

ಸಾಂಬ್ರಾದಿಂದ ಬೆಳಗಾವಿಗೆ ಹೊರಟ ಸಿಟಿ ಬಸ್ಸು ತುಂಬಿದೆ ಅಂದುಕೊಳ್ಳಿ. ಅವ್ವನ ಜತೆ ನಿಂತ ಏಳನೇ ತರಗತಿಯ ಹುಡುಗಿಗೆ ಇದ್ದಕ್ಕಿದ್ದಂತೆ ಎದೆ ಢವಢವ, ಮೈಯೆಲ್ಲ ಬೆವರು, ಬೆರಳ ತುದಿ ಜುಮ್ಮ್. "ಯವ್ವಾ, ಉಸಿರು ಬರವಲ್ದು, ನಾ ಸಾಯ್ತೀನಿ." ಇದು ಪ್ಯಾನಿಕ್ ಅಟ್ಯಾಕ್ ಇರಬಹುದು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಏರಿ, ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಆ ಹೊತ್ತನ್ನು ಹೇಗೆ ದಾಟಿಸುವುದು?

ಹಂತ 1: ಮೊದಲ ಸಲವಾದರೆ ವೈದ್ಯರಿಗೆ ತೋರಿಸಿ. ಉಬ್ಬಸ, ರಕ್ತಹೀನತೆ, ಥೈರಾಯ್ಡ್, ಹೃದಯಬಡಿತದ ಏರುಪೇರು ಕೂಡ ಇದೇ ವೇಷದಲ್ಲಿ ಬರುತ್ತವೆ. ತುಟಿ ನೀಲಿಗಟ್ಟಿದರೆ, ಉಸಿರು ಸುಯ್‌ಗುಟ್ಟಿದರೆ, ಮಗು ಎಚ್ಚರ ತಪ್ಪಿದರೆ ಕಾಯದೆ 108ಕ್ಕೆ ಫೋನ್ ಮಾಡಿ. ದೃಷ್ಟಿ ತೆಗೆಯುವ ಅಜ್ಜಿಯನ್ನು ತಡೆಯಬೇಡಿ. ಆದರೆ ಅಷ್ಟಕ್ಕೇ ಮುಗಿಸಬೇಡಿ.

ಹಂತ 2: ಮಗು ಆರಾಮಾಗಿದ್ದಾಗ ವಿಷಯ ತಿಳಿಸಿ. ನಾಯಿ ಬೆನ್ನಟ್ಟಿದರೆ ಓಡಲು ಮೈ ಸಜ್ಜಾಗುತ್ತದಲ್ಲ, ನಾಯಿಯೇ ಇಲ್ಲದೆ ಹಾಗಾಗಿದೆ. ಎದೆ ಜೋರಾಗಿ ಬಡಿಯುವುದು ಅದಕ್ಕೇ. ಅವಸರವಾಗಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ. ಜುಮ್ಮೆನ್ನುವುದು ಯಾಕೆಂದು ಗೊತ್ತಾದ ಮಗುವಿಗೆ ಮುಂದಿನ ಸಲ ಅರ್ಧ ಹೆದರಿಕೆ ಕಡಿಮೆ.

ಹಂತ 3: ಅಟ್ಯಾಕ್ ಬಂದಾಗ, ನೀವು ಮೊದಲು ದನಿ ತಗ್ಗಿಸಿ. ಸುತ್ತ ಸೇರಿದವರನ್ನು ಸರಿಸಿ, ಮಗುವಿನ ಕಣ್ಣಿನ ಮಟ್ಟಕ್ಕೆ ಕೂತು, "ನಾ ಇಲ್ಲೇ ಅದೀನಿ, ಇದು ಇಳೀತದ" ಎನ್ನಿ. "ಏನೂ ಆಗಿಲ್ಲ, ಸುಮ್ನಿರು" ಎಂಬ ಮಾತು ಬೇಡ, ಮಗುವಿಗೆ ಆಗಿದೆ.

ಉಸಿರಿಗೆ ಬಸಿಯ ಉಪಾಯ ಹೇಳಿಕೊಡಿ. ಕೈಯಲ್ಲಿ ಬಿಸಿ ಚಹಾದ ಬಸಿ ಇದೆ ಎಂದುಕೊಂಡು ಮೂರು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಎಳೆಯುವುದು, ಐದು ಎಣಿಸುತ್ತ ಚಹಾ ತುಳುಕದಂತೆ ಮೆಲ್ಲಗೆ ಊದುವುದು. ಮಗುವಿನ ಜತೆ ನೀವೂ ಊದಿ. ಕಾಗದದ ಚೀಲದಲ್ಲಿ ಉಸಿರಾಡಿಸುವ ಹಳೇ ಪದ್ಧತಿ ಬೇಡ, ಉಬ್ಬಸವಿದ್ದರೆ ಅದು ಅಪಾಯ.

ಉಸಿರಿನ ಮೇಲೆ ಗಮನವಿಟ್ಟಷ್ಟೂ ಗಾಬರಿ ಹೆಚ್ಚಾಗುವ ಮಕ್ಕಳೂ ಇದ್ದಾರೆ. ಅವರಿಗೆ ಎಣಿಕೆಯೇ ಲೇಸು: ಕಾಣುವುದು ಐದು, ಮುಟ್ಟುವುದು ನಾಲ್ಕು, ಕೇಳುವುದು ಮೂರು, ವಾಸನೆ ಎರಡು, ರುಚಿ ಒಂದು. ಸಾಂಬ್ರಾದಂಥ ವಿಮಾನ ನಿಲ್ದಾಣದ ಊರಿನ ಮಕ್ಕಳಿಗೆ ಕಿವಿಯ ಲೆಕ್ಕ ತುಂಬಿಸುವುದು ಕಷ್ಟವಲ್ಲ.

ಹಂತ 4: ತಪ್ಪಿಸಬೇಡಿ, ಮೆಟ್ಟಿಲು ಮಾಡಿ. ಹೆಚ್ಚಿನ ಮನೆಗಳು ಎಡವುವುದು ಇಲ್ಲೇ. "ಪಾಪ, ಬಸ್ಸು ಬ್ಯಾಡ" ಎಂದು ಅಪ್ಪ ದಿನಾ ಬೈಕಿನಲ್ಲಿ ಬಿಡತೊಡಗಿದರೆ ಬಸ್ಸಿನ ಭಯ ಬಲಿಯುತ್ತದೆ. ಮರುದಿನವೇ ತುಂಬಿದ ಬಸ್ಸಿಗೆ ನೂಕುವುದೂ ತಪ್ಪು. ಮೊದಲ ಎರಡು ದಿನ ಸ್ಟಾಪಿಗೆ ಹೋಗಿ ಬಸ್ಸು ನೋಡಿ ಬನ್ನಿ. ಆಮೇಲೆ ಖಾಲಿ ಬಸ್ಸಿನಲ್ಲಿ ದಾರಿಯ ನಡುವಿನ ಮುತಗಾವರೆಗೆ, ಮುಂದೆ ಬೆಳಗಾವಿಯ ಸಿಬಿಟಿ ಬಸ್ ನಿಲ್ದಾಣದವರೆಗೆ ಜತೆಯಲ್ಲಿ, ಆಮೇಲೆ ನೀವು ಹಿಂದಿನ ಸೀಟಿನಲ್ಲಿ, ಕೊನೆಗೆ ಗೆಳತಿಯ ಜತೆ. ನಡುವೆ ಮತ್ತೆ ಬಂದರೆ ಒಂದು ಮೆಟ್ಟಿಲು ಹಿಂದೆ ಸರಿದು ಅಲ್ಲಿಂದ ಮುಂದುವರಿಸಿ.

ಹಂತ 5: ಶಾಲೆಗೆ ಹೇಳಿ. ಒಬ್ಬ ಟೀಚರ್‌ಗೆ ಗೊತ್ತಿದ್ದರೂ ಸಾಕು. ಕೈಸನ್ನೆ ಮಾಡಿ ಐದು ನಿಮಿಷ ಹೊರಗೆ ಕೂತು, ಮತ್ತೆ ತರಗತಿಗೆ ಬರುವ ಒಪ್ಪಂದ ಮಾಡಿಸಿ. ಮನೆಗೆ ಕಳಿಸಿಬಿಡುವುದು ಒಪ್ಪಂದದಲ್ಲಿ ಬೇಡ.

ಹಂತ 6: ಪದೇ ಪದೇ ಬರುತ್ತಿದ್ದರೆ, ಊಟ, ನಿದ್ದೆ, ಶಾಲೆ ಕೆಟ್ಟರೆ, ಸಾಯುವ ಮಾತಾಡಿದರೆ ಮನೋವೈದ್ಯರನ್ನು ಕಾಣಿ. ಬೆಳಗಾವಿಯಲ್ಲಿ ಬಿಮ್ಸ್ ಆಸ್ಪತ್ರೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವೆ. "ಧಾರವಾಡಕ್ಕ ಕಳಸಬೇಕು" ಎಂಬುದು ನಮ್ಮ ಕಡೆ ಬೈಗುಳದಂತಾಗಿರುವುದರಿಂದಲೇ ಎಷ್ಟೋ ಮಂದಿ ತಡಮಾಡುತ್ತಾರೆ. ಅಲ್ಲಿಗೆ ಹೋಗುವ ಮೊದಲು ಮಾತಾಡಿ ನೋಡಬೇಕೆನಿಸಿದರೆ 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಇದೆ: 14416, ಹಗಲೂ ರಾತ್ರಿ, ಪುಕ್ಕಟೆ, ಕನ್ನಡದಲ್ಲಿ.